ಏಳು ದೇವಾಲಯಗಳ ದಾರಿಯಲ್ಲಿ ಹಾಡು ಮತ್ತು ಬುತ್ತಿ

ಭಾನುವಾರ ಬೆಳಿಗ್ಗೆ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತೊಂದಿದೆ: "ಪೂಜೆಗೆ ಹೊತ್ತಾಯಿತು, ಬೇಗ ಹೊರಡಿ, ತಪ್ಪಿಸಿದರೆ ಪಾಪ." ಮಾತು ಸುಳ್ಳಲ್ಲ. ಧರ್ಮಸಭೆಯ ಕಟ್ಟಳೆ ಕಟ್ಟಳೆಯೇ. ಆದರೆ ಪಾಪದ ಭಯವೊಂದರಿಂದಲೇ ದೇವಾಲಯದ ಮೆಟ್ಟಿಲು ಹತ್ತಿದ ನಾವು ಅಂತಿಮ ಆಶೀರ್ವಾದಕ್ಕೆ ಮೊದಲೇ ಚಪ್ಪಲಿ ಹುಡುಕುತ್ತಿರುತ್ತೇವೆ. ಮೇ 26ರಂದು ನಾವು ಹಬ್ಬ ಆಚರಿಸುವ ಸಂತ ಫಿಲಿಪ್ ನೇರಿಯವರು ಕಂಡ ರೋಮ್ ನಗರದಲ್ಲೂ ಇದೇ ಕಥೆ.

ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕು, ಪಾಸ್ಕಕಾಲದಲ್ಲಿ ಪರಮಪ್ರಸಾದ ಸ್ವೀಕರಿಸಬೇಕು ಎಂದು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವಿಧಿಸಿತ್ತು. ಅದು ಕನಿಷ್ಠ ಮಿತಿ. ಮೂರು ಶತಮಾನ ಕಳೆಯುವಷ್ಟರಲ್ಲಿ ಅನೇಕರಿಗೆ ಅದೇ ಗರಿಷ್ಠವಾಗಿತ್ತು. ವರ್ಷದ ಕಂದಾಯ ಕಟ್ಟಿದಂತೆ ಬಂದು ಹೋಗುತ್ತಿದ್ದರು.

ಫಿಲಿಪ್ ಹುಟ್ಟಿದ್ದು 1515ರಲ್ಲಿ, ಫ್ಲಾರೆನ್ಸ್ ನಗರದಲ್ಲಿ. ಯೌವನದಲ್ಲೇ ರೋಮಿಗೆ ಬಂದು, ಒಂದು ಮನೆಯ ಇಬ್ಬರು ಹುಡುಗರಿಗೆ ಪಾಠ ಹೇಳುತ್ತಾ ಬಹುಕಾಲ ಸಾಮಾನ್ಯ ಶ್ರೀಸಾಮಾನ್ಯನಾಗಿಯೇ ಉಳಿದರು. 1544ರ ಪೆಂತೆಕೋಸ್ತ ಹಬ್ಬದ ಸಮಯದಲ್ಲಿ ಸಂತ ಸೆಬಾಸ್ಟಿಯನ್ನರ ನೆಲಮಾಳಿಗೆಯ ಸಮಾಧಿಗಳ ನಡುವೆ ಪ್ರಾರ್ಥಿಸುತ್ತಿದ್ದಾಗ, ಬೆಂಕಿಯ ಉಂಡೆಯೊಂದು ಎದೆಯೊಳಗೆ ಇಳಿದಂತೆ ಅವರಿಗೆ ಅನುಭವವಾಯಿತು. ಅಂದಿನಿಂದ ದೇವರ ಸಂತೋಷ ಅವರಿಗೆ ತಡೆಯಲಾರದಷ್ಟಾಯಿತು. ಗುರುದೀಕ್ಷೆ ಪಡೆದದ್ದು 1551ರಲ್ಲಿ, ಸುಮಾರು ಮೂವತ್ತಾರರ ವಯಸ್ಸಿನಲ್ಲಿ.

ಯಾಜಕರಾದ ಮೇಲೆ ಅವರು ಹೊಸ ಕಟ್ಟಳೆ ತರಲಿಲ್ಲ, ಇದ್ದ ಕಟ್ಟಳೆಯನ್ನು ಸಡಿಲಿಸಲೂ ಇಲ್ಲ. ಬೆಳಗಿನಿಂದ ಪಾಪನಿವೇದನೆ ಕೇಳಲು ಕುಳಿತರು. ಮಧ್ಯಾಹ್ನ ತಮ್ಮ ಕೋಣೆಗೆ ಯುವಕರನ್ನು ಕರೆದರು. ಓದು, ಮಾತುಕತೆ, ಪ್ರಾರ್ಥನೆ, ಹಾಡು. ಕೋಣೆ ಸಾಲದೆ ದೇವಾಲಯದ ಮೇಲಿನ ಅಟ್ಟಕ್ಕೆ ಹೋದರು. ಸಂತ ಪೇತ್ರರ ಮಹಾದೇವಾಲಯದ ಗಾಯಕವೃಂದದ ಗುರು ಜೊವಾನ್ನಿ ಅನಿಮೂಚ್ಚಿಯ ಇವರಿಗಾಗಿ ಜನಭಾಷೆಯ ಭಕ್ತಿಗೀತೆಗಳನ್ನು ಸಂಯೋಜಿಸಿ 1563ರಲ್ಲಿ ಅಚ್ಚು ಹಾಕಿಸಿದ. ಇಂದು ಸಂಗೀತಗಾರರು 'ಒರಟೋರಿಯೊ' ಎಂದು ಕರೆಯುವ ಪ್ರಕಾರಕ್ಕೆ ಹೆಸರು ಬಂದದ್ದು ಆ ಪ್ರಾರ್ಥನಾಕೂಟದಿಂದಲೇ.

ತಪಸ್ಸುಕಾಲಕ್ಕೆ ಮುಂಚಿನ ಕಾರ್ನಿವಲ್ ದಿನಗಳಲ್ಲಿ ರೋಮ್ ಕುಡಿತ, ಕುಣಿತಗಳಲ್ಲಿ ಮುಳುಗುತ್ತಿತ್ತು. ಹೋಗಬೇಡಿ ಎಂದು ಗದರುವುದು ಸುಲಭ. ನಾವಾಗಿದ್ದರೆ ಅದನ್ನೇ ಮಾಡುತ್ತಿದ್ದೆವೇನೋ. ಫಿಲಿಪ್ ಅದಕ್ಕಿಂತ ಒಳ್ಳೆಯ ಹಬ್ಬವನ್ನೇ ಏರ್ಪಡಿಸಿದರು. ರೋಮಿನ ಏಳು ಪುರಾತನ ದೇವಾಲಯಗಳಿಗೆ ಸುಮಾರು ಇಪ್ಪತ್ತು ಕಿಲೋಮೀಟರ್ ಕಾಲ್ನಡಿಗೆಯ ಯಾತ್ರೆ. ದಾರಿಯುದ್ದಕ್ಕೂ ಹಾಡು, ಪ್ರಾರ್ಥನೆ. ನಡುವೆ ಒಂದು ತೋಟದಲ್ಲಿ ಎಲ್ಲರೂ ಹುಲ್ಲಿನ ಮೇಲೆ ಕುಳಿತು ರೊಟ್ಟಿ, ಮೊಟ್ಟೆ, ಗಿಣ್ಣು, ಸ್ವಲ್ಪ ದ್ರಾಕ್ಷಾರಸ ಹಂಚಿಕೊಳ್ಳುತ್ತಿದ್ದರು. ಮೊದಲು ಬೆರಳೆಣಿಕೆಯ ಜನ. ಬರುಬರುತ್ತಾ ಅದು ದೊಡ್ಡ ಜನಸಾಗರವಾಯಿತು.

ಇದು ಎಲ್ಲರಿಗೂ ಹಿಡಿಸಲಿಲ್ಲ. ನಗುತ್ತಾ ಉಣ್ಣುತ್ತಾ ಮಾಡುವುದೂ ಒಂದು ಯಾತ್ರೆಯೇ? ಈತ ಹೊಸ ಪಂಥ ಕಟ್ಟುತ್ತಿದ್ದಾನೆಯೇ? 1559ರಲ್ಲಿ, ಜಗದ್ಗುರು ನಾಲ್ಕನೆಯ ಪೌಲರ ಕಟ್ಟುನಿಟ್ಟಿನ ಕಾಲದಲ್ಲಿ, ರೋಮಿನ ಉಸ್ತುವಾರಿಯಿದ್ದ ಕಾರ್ದಿನಲರು ಫಿಲಿಪರನ್ನು ಕರೆಸಿ ಖಂಡಿಸಿದರು. ಕೆಲವು ದಿನ ಪಾಪನಿವೇದನೆ ಕೇಳಬಾರದು, ಅನುಮತಿಯಿಲ್ಲದೆ ಯಾತ್ರೆ ನಡೆಸಬಾರದು ಎಂದು ನಿಷೇಧಿಸಿದರು. ಫಿಲಿಪ್ ವಾದಿಸಲಿಲ್ಲ. ಯಾರೂ ಹಿಂಬಾಲಿಸಬೇಡಿ ಎಂದು ಶಿಷ್ಯರಿಗೆ ಹೇಳಿ ಒಬ್ಬರೇ ನಡೆದಾಡಿದರು. ಸಂತೋಷ ಬಲ್ಲವನು ವಿಧೇಯತೆ ಅರಿಯನು ಎಂದುಕೊಳ್ಳುವವರು ಈ ದಿನಗಳನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಮುಂದೆ ನಿಷೇಧ ತೆರವಾಯಿತು. 1575ರಲ್ಲಿ ಜಗದ್ಗುರು ಹದಿಮೂರನೆಯ ಗ್ರೆಗೊರಿಯವರು ಅವರ ಒರಟೋರಿ ಸಂಘಕ್ಕೆ ಮಾನ್ಯತೆ ಕೊಟ್ಟರು.

ಅವರ ಶಿಷ್ಯರಲ್ಲಿ ಚೆಸರೆ ಬರೋನಿಯೊ ಎಂಬ ಯುವಕನಿದ್ದ. ಮಾತಿಗೆ ನಿಂತರೆ ಸಾವು, ನರಕ, ತೀರ್ಪು ಇಷ್ಟೇ. ಇಂಥ ಪ್ರಬೋಧನೆಗಳನ್ನು ನಾವೂ ಕೇಳಿದ್ದೇವೆ. ಫಿಲಿಪ್ ಅವನಿಗೆ ಆ ವಿಷಯ ಬಿಟ್ಟು ಧರ್ಮಸಭೆಯ ಚರಿತ್ರೆಯನ್ನು ಹೇಳು ಎಂದರು. ಅವನಿಗೆ ಅದು ಒಗ್ಗಲಿಲ್ಲ, ಗುರು ಬಿಡಲಿಲ್ಲ. ಜನರನ್ನು ನಡುಗಿಸುತ್ತಿದ್ದ ಆ ಯುವಕ ಕೊನೆಗೆ ಕಾರ್ದಿನಲರಾಗಿ, ಧರ್ಮಸಭೆಯ ಚರಿತ್ರೆಯನ್ನು ಹನ್ನೆರಡು ಸಂಪುಟಗಳಲ್ಲಿ ಬರೆದರು. ಮೊದಲ ಸಂಪುಟ 1588ರಲ್ಲಿ ಹೊರಬಂತು.

ನಮ್ಮ ನಾಡಿನ ಮಾತೂ ಈ ಕಥೆಯಲ್ಲಿ ಬರುತ್ತದೆ. ಭಾರತದಿಂದ ಯೇಸುಸಭೆಯ ಗುರುಗಳು ಬರೆದ ಪತ್ರಗಳನ್ನು ಫಿಲಿಪರ ಕೂಟದಲ್ಲಿ ಓದುತ್ತಿದ್ದರು. ಓದಿ ಓದಿ, ತಾವೂ ಇತ್ತ ಹಡಗು ಹತ್ತಬೇಕೆಂದು ಫಿಲಿಪ್ ಮತ್ತು ಸಂಗಡಿಗರು ಹಂಬಲಿಸಿದರು. ಸಲಹೆ ಕೇಳಲು ಹೋದಾಗ ಒಬ್ಬ ಸನ್ಯಾಸಿ, ನಿನ್ನ ಪಾಲಿನ ಭಾರತ ರೋಮ್ ನಗರವೇ ಎಂದುಬಿಟ್ಟರು. ಫಿಲಿಪ್ ಉಳಿದರು. 1622ರ ಮಾರ್ಚ್ 12ರಂದು ಅವರಿಗೆ ಸಂತ ಪದವಿ ಘೋಷಿಸಿದಾಗ, ನಾವು ಗೋವಾಕ್ಕೆ ಹೋಗಿ ದರ್ಶನ ಪಡೆಯುವ ಸಂತ ಫ್ರಾನ್ಸಿಸ್ ಜೇವಿಯರ್ ಅವರ ಹೆಸರೂ ಅದೇ ದಿನದ ಪಟ್ಟಿಯಲ್ಲಿತ್ತು.

1595ರ ಮೇ 25 ಪರಮಪ್ರಸಾದದ ಮಹೋತ್ಸವ. ಎಪ್ಪತ್ತೊಂಬತ್ತರ ಫಿಲಿಪ್ ಅಂದು ಬೇಗ ಎದ್ದು ಬಲಿಪೂಜೆ ಅರ್ಪಿಸಿದರು. ಮಹಿಮಾಗೀತೆಯ ಬಳಿಗೆ ಬಂದಾಗ ಓದುವುದನ್ನು ಬಿಟ್ಟು, ಅದನ್ನು ಹಾಡತೊಡಗಿದರು. ಅನಂತರ ಎಂದಿನಂತೆ ಪಾಪನಿವೇದನೆ ಕೇಳಿದರು, ಬಂದವರನ್ನು ಮಾತನಾಡಿಸಿದರು, ರಾತ್ರಿ ಮಲಗಲು ಹೋದರು. ನಡುರಾತ್ರಿ ಕಳೆದ ಮೇಲೆ ಪ್ರಭುವಿನ ಬಳಿಗೆ ಹೊರಟುಹೋದರು.