ಹಲ್ಲುನೋವು ತಾನಾಗೇ ನಿಂತಿತಾ? ಬೇರಿನ ಕೀವು ನಿಂತಿರಲ್ಲ

ಪಾಪಿನಾಯಕನಹಳ್ಳಿ: ಹುಳುಕು ಹಲ್ಲು ನಾಲ್ಕು ದಿನ ಜೀವ ಹಿಂಡಿ, ಮೆಡಿಕಲ್ ಶಾಪಿನ ಗುಳಿಗೆಗೋ ಲವಂಗದ ಎಣ್ಣೆಗೋ ಒಂದಿನ ಸುಮ್ಮನಾಗ್ತದೆ. ವಾಸಿಯಾಯ್ತು ಅಂತ ನಾವೂ ಅಂಗಡಿ, ಹೊಲ, ಲಾರಿ ಕೆಲಸಕ್ಕೆ ಹೋಗಿಬಿಡ್ತೀವಿ. ಅಪಾಯ ಶುರುವಾಗೋದೇ ಆಗ.

ನೋವು ನಿಲ್ಲೋದು ಯಾಕೆ?

ಹಲ್ಲಿನೊಳಗೆ ನರ, ರಕ್ತನಾಳ ಇರುವ ಮೆತ್ತನೆಯ ತಿರುಳು ಇರುತ್ತದೆ. ಹುಳುಕು ಅಲ್ಲಿಗೆ ಮುಟ್ಟಿದರೆ ತಿರುಳು ಸಾಯುತ್ತದೆ. ನರ ಸತ್ತ ಮೇಲೆ ಆ ಜೋರು ನೋವು ಇರಲ್ಲ. ಆದರೆ ಕ್ರಿಮಿಗಳು ಬೇರಿನ ತುದಿಯಿಂದ ಮೂಳೆಗೆ ಇಳಿದು ಕೀವು ಕಟ್ಟುತ್ತವೆ. ಸತ್ತ ತಿರುಳಿಗೆ ರಕ್ತ ಹರಿಯುವುದಿಲ್ಲ, ಹಾಗಾಗಿ ಆ್ಯಂಟಿಬಯೋಟಿಕ್ ಗುಳಿಗೆಯೂ ಅಲ್ಲಿಗೆ ತಲುಪಲ್ಲ.

ಹಾಗೇ ಬಿಟ್ಟರೆ ಏನಾಗ್ತದೆ?

* ವಸಡಿನ ಮೇಲೆ ಗುಳ್ಳೆ ಎದ್ದು ಕೀವು ಸೋರಬಹುದು. ಕೆಲವರಿಗೆ ಕೆನ್ನೆ ಅಥವಾ ಗದ್ದದ ಚರ್ಮದಲ್ಲೇ ತೂತು ಬೀಳುತ್ತದೆ. ಮುಲಾಮು ಹಚ್ಚಿದರೆ ಅದು ಮಾಯಲ್ಲ.
* ಮೇಲಿನ ದವಡೆ ಹಲ್ಲಿನ ಕೀವು ಸೈನಸ್‌ಗೆ ಹೋದರೆ ಒಂದೇ ಕಡೆ ಮೂಗಿನಿಂದ ಕೆಟ್ಟ ವಾಸನೆಯ ಸಿಂಬಳ ಬರುತ್ತದೆ.
* ಕೆಳಗಿನ ದವಡೆ ಹಲ್ಲಿನ ಸೋಂಕು ನಾಲಗೆ ಕೆಳಗೆ, ಕುತ್ತಿಗೆಗೆ ಹರಡಬಹುದು. ಇದು ಲುಡ್ವಿಗ್ಸ್ ಆಂಜೈನಾ. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲೇ ಇದನ್ನು ವಿವರಿಸಿದ್ದರು. ಕೆಲವೇ ಗಂಟೆಗಳಲ್ಲಿ ಉಸಿರಿನ ದಾರಿ ಮುಚ್ಚಬಹುದು.
* ಅಪರೂಪಕ್ಕೆ ಸೋಂಕು ರಕ್ತ, ಮೆದುಳಿಗೂ ಏರುತ್ತದೆ. 2007ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 12 ವರ್ಷದ ಹುಡುಗ ಹೀಗೇ ತೀರಿಕೊಂಡ. ಸುಮಾರು 80 ಡಾಲರ್‌ನಲ್ಲಿ ಹಲ್ಲು ಕೀಳಿಸಿದ್ದರೆ ಉಳಿಯುತ್ತಿದ್ದ ಅಂತ ಆಗ ಪತ್ರಿಕೆಗಳು ಬರೆದವು.

ಶುಗರ್ ಇದ್ದವರಿಗೆ ಸೋಂಕು ಬೇಗ ಹರಡುತ್ತದೆ, ಶುಗರ್ ಕೂಡ ಹತೋಟಿಗೆ ಬರಲ್ಲ. ಹೃದಯದ ಕವಾಟದ ತೊಂದರೆ ಇದ್ದವರು ಮೊದಲೇ ಡಾಕ್ಟರಿಗೆ ಹೇಳಬೇಕು.

ಏನು ಮಾಡಬೇಕು?

ಇರೋದು ಎರಡೇ ದಾರಿ: ರೂಟ್ ಕೆನಾಲ್ ಮಾಡಿಸಿ ಹಲ್ಲು ಉಳಿಸಿಕೊಳ್ಳೋದು, ಇಲ್ಲವೇ ಕೀಳಿಸೋದು. ಕೀವು ಕಟ್ಟಿದ್ದರೆ ಅದನ್ನು ಹೊರಗೆ ತೆಗೀಬೇಕು. ನೋವಿರುವ ಜಾಗಕ್ಕೆ ತಂಬಾಕು, ನಶ್ಯ ಒತ್ತಬೇಡಿ. ಗುಳಿಗೆ ಪುಡಿ ಮಾಡಿ ಇಟ್ಟರೆ ವಸಡು ಸುಡುತ್ತದೆ. ನಮ್ಮೂರಿಂದ ಹೆದ್ದಾರಿ ಹಿಡಿದರೆ ಒಂದು ಕಡೆ ಹೊಸಪೇಟೆ, ಇನ್ನೊಂದು ಕಡೆ ಬಳ್ಳಾರಿ. ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜೇ ಇದೆ.

ಬಾಯಿ ತೆರೆಯಲು ಆಗದಿದ್ದರೆ, ಉಗುಳು ನುಂಗಲು ಕಷ್ಟವಾದರೆ, ಕುತ್ತಿಗೆ ಬಾತರೆ, ಕಣ್ಣಿನ ಸುತ್ತ ಊದಿದರೆ, ಜ್ವರ ಅಥವಾ ಏದುಸಿರು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.