ರೊಟ್ಟಿ ಲೆಕ್ಕದ ಬ್ಯಾನಿ, ಗಡಿಯಾರದ ಬ್ಯಾನಿ

ನಮ್ಮ ಆಯಿ ಒಂಬತ್ತು ಹಡದಾಕಿ. ಗಡಿಯಾರ ನೋಡಾಕ ಆಕಿಗೆ ಬರ್ತಿರಲಿಲ್ಲ, ನೋಡಬೇಕಂದ್ರ ಮನ್ಯಾಗ ಗಡಿಯಾರನೂ ಇರಲಿಲ್ಲ. "ಬ್ಯಾನಿ ಸುರು ಆದಮ್ಯಾಲೆ ಏನು ಮಾಡ್ತಿದ್ದಿ ಆಯಿ?" ಅಂತ ಕೇಳಿದ್ರ "ರೊಟ್ಟಿ ಬಡೀತಿದ್ನೆವಾ" ಅಂತಿದ್ಲು. ಚಾಷ್ಟಿ ಅಲ್ಲ. ಒಂದು ಬ್ಯಾನಿ ಬಂದು ಇನ್ನೊಂದು ಬರೂದ್ರಾಗ ಎಷ್ಟು ರೊಟ್ಟಿ ಆಗ್ತಾವು ಅನ್ನೋದ ಆಕಿ ಲೆಕ್ಕ. ಆರು ರೊಟ್ಟಿ ಆದ್ರ ಇನ್ನೂ ದೂರ ಐತಿ. ಮೂರು ಆದ್ರ ನೀರು ಕಾಯಾಕ ಇಡೋದು. ಒಂದು ರೊಟ್ಟಿ ಹಂಚಿನ ಮ್ಯಾಲಿಂದ ಇಳಿಯೂದ್ರಾಗ ಮತ್ತ ಬಂತಂದ್ರ, ಹಿಟ್ಟು ಹಂಗ ಬಿಟ್ಟು ಸೂಲಗಿತ್ತಿಗೆ ಹೇಳಿ ಕಳಸೋದು.

ಈ ಮಾತು ಈಗ ಯಾಕ ನೆಪ್ಪಾತಂದ್ರ, ಹೋದ ತಿಂಗಳು ನಮ್ಮ ತಂಗಿ ಮಗಳು ಚೊಚ್ಚಲ ಹೆರಿಗಿಗೆ ಬಂದಿದ್ಲು. ಎರಡು ಸರ್ತಿ ರಾತ್ರಿ ಗಾಡಿ ಮಾಡಿಕೊಂಡು ದವಾಖಾನಿಗೆ ಓಡಿದ್ವಿ. ಎರಡೂ ಸರ್ತಿ "ಇದು ಸುಳ್ಳ ಬ್ಯಾನಿ, ಮನಿಗೆ ಹೋಗ್ರಿ" ಅಂತ ಕಳಿಸಿದ್ರು. ಎರಡನೇ ಸರ್ತಿ ಒಬ್ಬಾಕಿ ನರ್ಸು ನಕ್ಕಳು. ಅಷ್ಟ ಸಾಕಾತು ನಮ್ಮ ಹುಡುಗಿಗೆ. "ಇನ್ನ ಕೂಸು ಕೈಯಾಗ ಬಂದ್ರೂ ಹೇಳೂದಿಲ್ಲ" ಅಂತ ಅತ್ತು ಮಕ್ಕೊಂಡ್ಲು. ನನಗ ಅಂಜಿಕಿ ಆಗಿದ್ದು ಈ ಮಾತಿಗೆ.

ಸುಳ್ಳ ಬ್ಯಾನಿ ಅನ್ನೋ ಹೆಸರ ತಪ್ಪು ಅಂತ ನನಗ ಅನಸ್ತೈತಿ. ಅದು ಸುಳ್ಳಲ್ಲ, ಗರ್ಭಚೀಲ ಖರೇನ ಬಿಗೀತೈತಿ. ಇದನ್ನ ಬರದಿಟ್ಟವ ಲಂಡನ್ನಿನ ಡಾಕ್ಟರ್ ಜಾನ್ ಬ್ರ್ಯಾಕ್ಸ್ಟನ್ ಹಿಕ್ಸ್, 1872ರಾಗ. ಬಸುರಿ ಹೊಟ್ಟಿ ಮ್ಯಾಲೆ ಕೈ ಇಟ್ಟುಕೊಂಡು ಕುಂತ್ರ, ಹೆರಿಗಿ ದಿನ ಇನ್ನೂ ದೂರ ಇದ್ದಾಗನೂ ಗರ್ಭಚೀಲ ನಡುನಡುವ ಗಟ್ಟಿ ಆಗಿ ಮತ್ತ ಮೆತ್ತಗ ಆಗ್ತೈತಿ ಅಂತ ಅವ ಕಂಡುಕೊಂಡ. ಆವಾಗ ಈಗಿನಂಗ ಪಟ್ಟಿ ಅದ್ದಿ ನೋಡೋದು ಇರಲಿಲ್ಲ. ಹಿಂಗ ಬಿಗಿದ್ರ ಈಕಿ ಬಸುರಿ ಅಂತ ಗುರುತು ಹಿಡೀಬಹುದು ಅನ್ನೋದು ಅವನ ಮಾತಿನ ಮುಖ್ಯ ಅರ್ಥ ಆಗಿತ್ತು. ಈಗ ಆ ಬಿಗಿತಕ್ಕ ಅವನ ಹೆಸರ ಕೂತೈತಿ. (ಅವನಿಗಿಂತ ಮೊದಲ ಎಷ್ಟು ಅವ್ವಂದಿರಿಗೆ ಗೊತ್ತಿತ್ತೋ, ಅವರ ಹೆಸರ ಯಾರು ಇಡ್ತಾರ!)

ಅದಕ್ಕೂ ಹೆರಿಗಿ ಬ್ಯಾನಿಗೂ ಫರಕು ತಿಳಿಯೋದು ಹಳೇ ಮಂದಿಗೆ ಬರ್ತಿತ್ತು. ನಮ್ಮನ್ಯಾಗ ಬಿಸಿನೀರು ಹಾಕಿ ಎರೀತಿದ್ರು, ಜೀರಿಗಿ ಕಷಾಯ ಕುಡಿಸಿ ಮಲಗಿಸ್ತಿದ್ರು. ಮಲಗಿದ್ರ, ಅಡ್ಡಾಡಿದ್ರ ಬ್ಯಾನಿ ಹಿಂದ ಸರೀತು ಅಂದ್ರ ಇನ್ನೂ ಟೈಮ್ ಐತಿ. ಏನು ಮಾಡಿದ್ರೂ ಬಿಡದ, ಟೊಂಕದಿಂದ ಮುಂದಕ್ಕ ಸುತ್ತಿಕೊಂಡು, ಬರಬರ್ತಾ ಜೋರಾಗಿ, ಹತ್ತಿರ ಹತ್ತಿರ ಆತಂದ್ರ ಅದು ಹೆರಿಗಿದು. ದವಾಖಾನ್ಯಾಗೂ ಇದ ಮಾತು ಹೇಳ್ತಾರ, ಜೀರಿಗಿ ಒಂದು ಬಿಟ್ಟು. ನರ್ಸ್ ಕಲಿಯೋ ಹುಡುಗ್ಯಾರಿಗೆ ಕೈಲೆ ಜೋರು ಅಳಿಯೋದೂ ಕಲಸ್ತಾರ: ಬ್ಯಾನಿ ಬಂದಾಗ ಹೊಟ್ಟಿ ಮೂಗಿನ ತುದಿಯಷ್ಟ ಗಟ್ಟಿ ಆದ್ರ ಹಗೂರ, ಗದ್ದದಂಗ ಆದ್ರ ನಡುಮಧ್ಯ, ಹಣಿಯಂಗ ಆದ್ರ ಜೋರು.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಸಾಲಿ ಕಲಿತವರಲ್ಲ. ಅಜ್ಜಿ ಕೂಡ ಅಡ್ಡಾಡಿ ಕೈಯಿಂದನ ಕಲಿತು 15,000ಕ್ಕೂ ಹೆಚ್ಚು ಹೆರಿಗಿ ಒಂದು ರೊಕ್ಕ ಮುಟ್ಟದ ಮಾಡಿಸಿದ್ರು. 2018ರಾಗ ಪದ್ಮಶ್ರೀ ಬಂತು, ಅದ ವರ್ಷ ಡಿಸೆಂಬರಿನ್ಯಾಗ ತೀರಿಕೊಂಡ್ರು.

ಹಂಗಾದ್ರ ಗಡಿಯಾರ ಯಾವಾಗ ಬಂತು? 1950ರ ಸುಮಾರಿಗೆ ಉರುಗ್ವೆ ದೇಶದ ಮಾಂಟೆವಿಡಿಯೋ ಊರಾಗ ಆಲ್ವಾರೆಜ್ ಮತ್ತ ಕಾಲ್ದೆರೊ ಬಾರ್ಸಿಯಾ ಅನ್ನೋ ಇಬ್ಬರು, ಹೊಟ್ಟಿ ಮ್ಯಾಲಿಂದ ಗರ್ಭದ ನೀರಿನೊಳಗ ಸಣ್ಣ ನಳಿಗಿ ಇಳಿಸಿ ಬಿಗಿತ ಅಳದ್ರು. ಹತ್ತು ನಿಮಿಷದಾಗ ಎಷ್ಟು ಬ್ಯಾನಿ, ಒಂದೊಂದೂ ಎಷ್ಟು ಜೋರು ಅನ್ನೋ ಲೆಕ್ಕಕ್ಕ ಇವತ್ತಿಗೂ ಆ ಊರಿನ ಹೆಸರ ಐತಿ. ಅತ್ತ ನ್ಯೂಯಾರ್ಕಿನ್ಯಾಗ ಇಮ್ಯಾನುಯೆಲ್ ಫ್ರೀಡ್ಮನ್ ಅನ್ನವ 1955ರಾಗ 500 ಚೊಚ್ಚಲ ಹೆರಿಗಿ ನೋಡಿ, ತಾಸಿಗೆ ಗರ್ಭಚೀಲದ ಬಾಯಿ ಎಷ್ಟು ತೆರೀತೈತಿ ಅನ್ನೋದನ್ನ ಗೆರಿ ಎಳದು ತೋರಿಸಿದ.

ನನಗ ಇವರಕಿಂತ ಹೆಚ್ಚು ಮನಸಿಗೆ ಹತ್ತಿದ್ದು ಫಿಲ್ಪಾಟ್ ಮತ್ತ ಕ್ಯಾಸಲ್. ಆಫ್ರಿಕಾದ ರೊಡೇಶಿಯಾ, ಈಗಿನ ಜಿಂಬಾಬ್ವೆ. ದೊಡ್ಡ ದವಾಖಾನಿ ದೂರ, ಹೊರಗಿನ ಸಣ್ಣ ದವಾಖಾನಿಯೊಳಗ ಬರೇ ಸೂಲಗಿತ್ತಿ ನರ್ಸುಗಳು. ಯಾವ ಬಸುರಿನ್ನ ಇಲ್ಲೇ ಇಟ್ಟುಕೋಬೇಕು, ಯಾರನ್ನ ಕಳಿಸಬೇಕು, ಯಾವಾಗ? 1972ರಾಗ ಅವರು ಒಂದು ಹಾಳಿ ಮ್ಯಾಲೆ ಎರಡು ಗೆರಿ ಎಳದು ಕೊಟ್ರು, ನಡುವ ನಾಲ್ಕು ತಾಸಿನ ಅಂತರ. ಮೊದಲನೇ ಗೆರಿ ದಾಟಿದ್ರ ದೊಡ್ಡ ದವಾಖಾನಿಗೆ ಕಳಿಸು. ಎರಡನೇದು ಮುಟ್ಟಿದ್ರ ಏನರ ಮಾಡಲೇಬೇಕು. ಅಂದ್ರ ಆ ಹಾಳಿ ದಾರಿ ದೂರ ಇದ್ದವರ ಸಲುವಾಗಿನ ಹುಟ್ಟಿದ್ದು. ಆಮ್ಯಾಲೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನ ತಿದ್ದಿ, ಇಂಡೋನೇಷ್ಯಾ, ಮಲೇಷ್ಯಾ, ಥಾಯ್ಲೆಂಡಿನ 35,484 ಹೆಣ್ಣುಮಕ್ಕಳ ಮ್ಯಾಲೆ ನೋಡಿ 1994ರಾಗ ಫಲ ಪ್ರಕಟಿಸಿತು. ಭಾಳ ತಾಸು ಎಳೆಯೋ ಹೆರಿಗಿ ಕಡಿಮಿ ಆಗಿದ್ವು. ಆ ಹಾಳಿಯೊಳಗ ಬ್ಯಾನಿಗೆ ಸಣ್ಣ ಸಣ್ಣ ಚೌಕ ಇರ್ತಾವ: 20 ಸೆಕೆಂಡಿಗಿಂತ ಕಡಿಮಿ ಇದ್ರ ಚುಕ್ಕಿ, 40ರ ಮಟ ಇದ್ರ ಓರೆಗೆರಿ, ಅದಕ್ಕೂ ಮೀರಿದ್ರ ಪೂರಾ ಕಪ್ಪು. ಇದನ್ನ ತುಂಬಾಕ ಮಷೀನು ಬ್ಯಾಡ, ಹತ್ತು ನಿಮಿಷ ಹೊಟ್ಟಿ ಮ್ಯಾಲೆ ಕೈ, ಇನ್ನೊಂದು ಕೈಯಾಗ ಗಡಿಯಾರ. ತಾಸಿಗೊಂದು ಸೆಂಟಿಮೀಟರ್ ತೆರೀಲೇಬೇಕು ಅನ್ನೋ ಹಠ 2018ರಾಗ ಅದ ಸಂಸ್ಥೆ ಸಡಲ ಮಾಡ್ಯಾರ, ಎಲ್ಲಾರ ಮೈ ಒಂದ ನಮೂನಿ ನಡಿಯೂದಿಲ್ಲಂತ.

ಇದನ್ನ ಓದಿದಾಗ ನನಗ ಆಯಿ ಎರಡನೇ ಕೂಸು ನೆಪ್ಪಾತು. ಅದು ಉಳೀಲಿಲ್ಲ. ಬ್ಯಾನಿ ಬರೋಬ್ಬರಿ ಬರ್ತಿದ್ವು, ಒಂದು ರೊಟ್ಟಿಗೊಂದು. ಆದ್ರ ಕೂಸು ಮುಂದಕ್ಕ ಬರಲಿಲ್ಲ. "ಎಷ್ಟು ಹೊತ್ತು ಹಿಂಗ ಇದ್ದಿ?" ಅಂತ ಕೇಳಿದ್ರ ಆಕಿಗೆ ಹೇಳಾಕ ಬರ್ತಿರಲಿಲ್ಲ. ಸೋಮಾರ ಸುರು ಆತು ಅಂತ ಒಬ್ಬರು, ಅಲ್ಲ ಮಂಗಳಾರ ಅಂತ ಒಬ್ಬರು. ರೊಟ್ಟಿ ಲೆಕ್ಕ ನಡುವಿನ ಅಂತರ ಹೇಳ್ತಿತ್ತು, ಒಟ್ಟು ತಾಸು ಹೇಳ್ತಿರಲಿಲ್ಲ. ಚಕ್ಕಡಿ ಹೂಡಿದಾಗ ತಡ ಆಗಿತ್ತು.

ಅದಕ್ಕ ಮೂರನೇ ಸರ್ತಿ ನಾನ ಕ್ಯಾಲೆಂಡರಿನ ಹಳೇ ಹಾಳಿ ಹರಕೊಂಡು ಕುಂತೆ. ಹುಡುಗಿ ಒಂದು ಬ್ಯಾನಿ ಮುಗಿದಲ್ಲಿಂದ ಮುಂದಿಂದು ಸುರು ಆಗೂಮಟ ಎಣಸ್ತಿದ್ಲು. ಹಂಗಲ್ಲ, ಸುರುವಿನಿಂದ ಸುರುವಿಗೆ ಎಣಿಸಬೇಕು, ಒಂದೊಂದು ಎಷ್ಟು ಹೊತ್ತು ನಿಲ್ತು ಅನ್ನೋದು ಬ್ಯಾರೆ ಬರೀಬೇಕು. ಚೊಚ್ಚಲಿನವರಿಗೆ ಸಾಮಾನ್ಯ ಹೇಳೋದು: ಐದು ನಿಮಿಷಕ್ಕೊಂದು, ಒಂದೊಂದು ನಿಮಿಷ ನಿಂತು, ಒಂದು ತಾಸು ಹಂಗ ನಡದ್ರ ಹೊರಡ್ರಿ. ಎರಡನೇದು ಇದ್ರ, ಊರು ದೂರ ಇದ್ರ, ಇಷ್ಟು ಕಾಯಬ್ಯಾಡ್ರಿ. ನೀರು ಹೋದ್ರ, ರಕ್ತ ಹೋದ್ರ, ಕೂಸು ಆಡೋದು ಕಡಿಮಿ ಆದ್ರ, 37 ವಾರ ತುಂಬೋಕಿಂತ ಮೊದಲ ಬ್ಯಾನಿ ಬಂದ್ರ ಎಣಿಸೋದ ಬ್ಯಾಡ, 108ಕ್ಕ ಫೋನ್ ಹಚ್ಚಿ ಹೋಗಿಬಿಡ್ರಿ. ಮತ್ತ ಸುಳ್ಳ ಬ್ಯಾನಿ ಅಂದ್ರ ಅನ್ಲಿ, ತಿರುಗಿ ಬರೋಣಂತ.

ನಾವು ರಾತ್ರಿ ಎರಡಕ್ಕ ಹೊಂಟ್ವಿ. ಬಾಗಲದಾಗ ಅದ ನರ್ಸು, ಮೊದಲ ಮಾತು ಕೇಳಿದ್ದು "ಯಾವಾಗ ಸುರು ಆತು?" ಹುಡುಗಿ ಬಾಯಿ ಬಿಡೋ ಸ್ಥಿತಿಯೊಳಗ ಇರಲಿಲ್ಲ. ಹಾಳಿ ಕೊಟ್ಟೆ. ಮ್ಯಾಲಿನ ಸಾಲಿನ್ಯಾಗ ಬರದಿತ್ತು: ಸಂಜಿ 7.20, ಮೊದಲನೇದು. ಆಕಿ ಈ ಸಲ ನಗಲಿಲ್ಲ, ಹಾಳಿ ಹಿಡಕೊಂಡು ಒಳಗ ಓಡಿದ್ಲು.