ಮದರಾಸಿನ ಹೆರಾಲ್ಡ್, ಇಂಗ್ಲೆಂಡಿನ ಬಿಡಿಭಾಗ

ಚರಿತ್ರೆಯೆಂದರೆ ಅರಸರ ವಂಶಾವಳಿ, ಯುದ್ಧಗಳ ಇಸವಿ, ಒಪ್ಪಂದಗಳ ಷರತ್ತು ಎಂಬ ಭಾವನೆ ನಮ್ಮ ಶಾಲೆಗಳಲ್ಲಿ ಬಹುಕಾಲ ಬೇರೂರಿತ್ತು. ಶಾಸನ, ಕಡತಗಳಂತೆಯೇ ಒಂದು ಕಾಲದ ಯಂತ್ರಗಳೂ ಆ ಕಾಲದ ಆಕರಗಳೇ ಎಂಬುದನ್ನು ನಾವು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟದ್ದು ಕಡಿಮೆ. ಹಳೆಯ ಮೋಟಾರು ಗಾಡಿಯೊಂದರ ಬಿಡಿಭಾಗ ಇಂದು ಎಲ್ಲಿ ದೊರೆಯುತ್ತದೆ, ಎಲ್ಲಿ ದೊರೆಯುವುದಿಲ್ಲ ಎಂದು ಕೇಳುತ್ತ ಹೋದರೆ ಒಂದು ದೇಶ ಯಾವುದನ್ನು ಜೋಪಾನ ಮಾಡಿತು, ಯಾವುದನ್ನು ಕೈಬಿಟ್ಟಿತು ಎಂಬುದು ತಾನಾಗಿಯೇ ತಿಳಿಯುತ್ತದೆ.

ಈ ಲೇಖನಕ್ಕೆ ಎತ್ತಿಕೊಂಡಿರುವುದು ಅಂತಹ ಒಂದು ಒಗಟು. ಇಂಗ್ಲೆಂಡಿನ ಟ್ರಯಂಫ್ ಕಂಪನಿ 1962ರಲ್ಲಿ ಹೊರತಂದ ಸ್ಪಿಟ್‌ಫೈರ್ ಎಂಬ ಎರಡು ಆಸನಗಳ ಸ್ಪೋರ್ಟ್ಸ್ ಕಾರಿನ ತಯಾರಿಕೆ 1980ರಲ್ಲಿಯೇ ನಿಂತಿತು. ಆದರೂ ಅದರ ಬಹುತೇಕ ಬಿಡಿಭಾಗಗಳು ಇಂದಿಗೂ ಹೊಸದಾಗಿ ದೊರೆಯುತ್ತವೆ. ಅದೇ ಎಲುಬುಗೂಡಿನ ಮೇಲೆ ನಮ್ಮ ಮದರಾಸಿನಲ್ಲಿ ತಯಾರಾದ ಕುಟುಂಬದ ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್. ಅದರ ಹಿಂಬಾಗಿಲೊಂದು ಬೇಕೆಂದರೆ ದೇಶವೆಲ್ಲ ಹುಡುಕಿದರೂ ಸಿಗುವುದು ದುರ್ಲಭ. ಹೀಗೇಕಾಯಿತು?

ಮೊದಲು ನಮ್ಮ ಸೀಮೆಯ ಮಾತು. ಕೊಡ್ಲಿ, ಚಿಂಚೋಳಿ, ಸೇಡಂ, ಚಿತ್ತಾಪುರಗಳು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಬ್ರಿಟಿಷ್ ಯಂತ್ರಗಳು ನಮಗೆ ಬಂದದ್ದು ಹೈದರಾಬಾದಿನ ಮಾರ್ಗವಾಗಿ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲುಮಾರ್ಗ ತೆರೆಯಿತು. ನಿಜಾಮ್ ಸ್ಟೇಟ್ ರೈಲ್ವೆಯು 1932ರ ಜೂನ್ ತಿಂಗಳಲ್ಲಿ 27 ಬಸ್ಸುಗಳು ಮತ್ತು 166 ನೌಕರರೊಂದಿಗೆ ರಸ್ತೆ ಸಾರಿಗೆ ವಿಭಾಗವನ್ನು ಆರಂಭಿಸಿತು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ತಯಾರಾದ ಆಲ್ಬಿಯನ್ ಬಸ್ಸುಗಳು ಆ ಕಾಲದವು. 1932ರ ಅಂತಹದೊಂದು ಬಸ್ಸನ್ನು ಹೈದರಾಬಾದಿನಲ್ಲಿ ಪ್ರದರ್ಶನಕ್ಕಾಗಿ ಕಾಪಾಡಿಕೊಂಡು ಬರಲಾಗಿದೆ. ಮುಂದೆ ಶಹಾಬಾದಿನಲ್ಲಿ ಎ.ಸಿ.ಸಿ.-ವಿಕರ್ಸ್-ಬಾಬ್‌ಕಾಕ್ ಎಂಬ ಭಾರಿ ಯಂತ್ರಗಳ ಕಾರ್ಖಾನೆ ನಿಂತಾಗ ಅದರ ಹೆಸರಿನಲ್ಲಿಯೇ ಎರಡು ಬ್ರಿಟಿಷ್ ಕಂಪನಿಗಳಿದ್ದವು. ಅಂಗುಲದ ಲೆಕ್ಕದ ಪಾನಾ, ಬ್ರಿಟಿಷ್ ಅಳತೆಯ ನಟ್ಟು ಬೋಲ್ಟುಗಳು ನಮ್ಮ ಮಿಸ್ತ್ರಿಗಳಿಗೆ ಹೊಸತಾಗಿರಲಿಲ್ಲ.

ಸ್ವಾತಂತ್ರ್ಯಾನಂತರ ಪರಿಸ್ಥಿತಿ ಬದಲಾಯಿತು. ಬಿಡಿಭಾಗಗಳನ್ನು ತರಿಸಿ ಇಲ್ಲಿ ಕೇವಲ ಜೋಡಿಸುವ ಕಂಪನಿಗಳಿಗೆ ಅವಕಾಶವಿರಬಾರದು, ಇಲ್ಲಿಯೇ ತಯಾರಿಸುವವರಿಗಷ್ಟೇ ಇರಬೇಕು ಎಂದು 1953ರಲ್ಲಿ ಸುಂಕ ಆಯೋಗವು ಶಿಫಾರಸು ಮಾಡಿತು. ಫೋರ್ಡ್, ಜನರಲ್ ಮೋಟಾರ್ಸ್ ಕಂಪನಿಗಳು ಹೊರಟುಹೋದವು. ಕೊನೆಗೆ ಕಾರು ತಯಾರಕರಲ್ಲಿ ಮುಖ್ಯವಾಗಿ ಉಳಿದವರು ಮೂವರು: ಅಂಬಾಸಿಡರ್ ತಯಾರಿಸಿದ ಹಿಂದೂಸ್ತಾನ್ ಮೋಟಾರ್ಸ್, ಫಿಯೆಟ್ ತಯಾರಿಸಿದ ಪ್ರೀಮಿಯರ್, ಮತ್ತು ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್. ಈ ಮೂರನೆಯ ಕಂಪನಿಯೇ ಹೆರಾಲ್ಡ್‌ನ ತವರು.

ಹೆರಾಲ್ಡ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1959ರಲ್ಲಿ. ಇಟಲಿಯ ಜೊವಾನಿ ಮಿಕೆಲೋಟ್ಟಿ ಅದರ ರೂಪವನ್ನು ರಚಿಸಿದ. ಆ ಹೊತ್ತಿಗೆ ಕಾರಿನ ಮೈಯನ್ನೂ ತಳಗಟ್ಟನ್ನೂ ಒಂದೇ ಪೆಟ್ಟಿಗೆಯಾಗಿ ಬೆಸೆಯುವ ಪದ್ಧತಿ ಬಂದಿತ್ತು. ಆದರೆ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಮೈ ಒದಗಿಸುತ್ತಿದ್ದ ಫಿಷರ್ ಅಂಡ್ ಲಡ್ಲೋ ಕಾರ್ಖಾನೆಯನ್ನು 1953ರಲ್ಲಿ ಪ್ರತಿಸ್ಪರ್ಧಿ ಕಂಪನಿಯಾದ ಬಿ.ಎಂ.ಸಿ. ಕೊಂಡುಕೊಂಡಿತು. ಒಂದೇ ಕಡೆ ಪೂರ್ತಿ ಮೈಯನ್ನು ಮಾಡಿಸುವ ದಾರಿ ಮುಚ್ಚಿದ್ದರಿಂದ ಹಳೆಯ ಕ್ರಮದ ಬೇರೆ ಚಾಸಿಯನ್ನೇ ಇಟ್ಟುಕೊಂಡು, ಅದರ ಮೇಲೆ ಬೇರೆ ಬೇರೆ ಕಡೆ ತಯಾರಾದ ಮೈಯ ತುಂಡುಗಳನ್ನು ಬೋಲ್ಟುಗಳಿಂದ ಬಿಗಿಯುವ ಉಪಾಯ ಮಾಡಲಾಯಿತು. ಅನಿವಾರ್ಯದ ಈ ಉಪಾಯವೇ ಮುಂದೆ ವರವಾಯಿತು. ತುಂಡುಗಳನ್ನು ಹಡಗಿನಲ್ಲಿ ಕಳುಹಿಸಿ ದೂರದೇಶಗಳಲ್ಲಿ ಜೋಡಿಸುವುದು ಸುಲಭವಾಯಿತು. ಅದೇ ಚಾಸಿಯನ್ನು ಗಿಡ್ಡಗೊಳಿಸಿ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರನ್ನು ಮಾಡಲು ಸಾಧ್ಯವಾಯಿತು. ಹೆರಾಲ್ಡ್‌ನ ಮುಂಗಾಲಿಯ ಜೋಡಣೆ ಎಷ್ಟು ಹಗುರವೂ ಅಚ್ಚುಕಟ್ಟೂ ಆಗಿತ್ತೆಂದರೆ ಲೋಟಸ್ ಕಂಪನಿ ತನ್ನ ಪ್ರಸಿದ್ಧ ಎಲಾನ್ ಕಾರಿಗೂ ಅದೇ ಬಗೆಯ ಭಾಗವನ್ನು ಬಳಸಿಕೊಂಡಿತು.

ಮದರಾಸಿನಲ್ಲಿ ಹೆರಾಲ್ಡ್ 1961ರಿಂದ ತಯಾರಾಗತೊಡಗಿತು. ಅದಕ್ಕೆ ಎರಡೇ ಬಾಗಿಲು, 948 ಸಿ.ಸಿ. ಇಂಜಿನ್. ಇಡೀ ಬಾನೆಟ್ಟು ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. 25 ಅಡಿಗಳ ಸುತ್ತಿನಲ್ಲಿ ಕಾರು ತಿರುಗುತ್ತಿತ್ತು. ಆದರೆ ನಮ್ಮ ಕುಟುಂಬಗಳಿಗೆ ಎರಡು ಬಾಗಿಲು ಸಾಲದು. ಅಜ್ಜಿ, ಮೊಮ್ಮಕ್ಕಳು, ಬುತ್ತಿಯ ಗಂಟು ಎಲ್ಲ ಹಿಂದೆ ಕೂಡಬೇಕು. ಅದನ್ನರಿತ ಕಂಪನಿಯು 1960ರ ದಶಕದ ಕೊನೆಯ ಭಾಗದಲ್ಲಿ ನಾಲ್ಕು ಬಾಗಿಲಿನ ಹೆರಾಲ್ಡನ್ನು ಹೊರತಂದಿತು. ಇಂಗ್ಲೆಂಡಿನಲ್ಲಿ ಹೆರಾಲ್ಡ್‌ಗೆ ನಾಲ್ಕು ಬಾಗಿಲು ಬರಲೇ ಇಲ್ಲ. 1972ರಲ್ಲಿ ಬಂದ ಗಜೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ತಿರುವಿನಲ್ಲಿ ಹಿಂಗಾಲಿಯನ್ನು ಒಳಕ್ಕೆ ಮಡಚುತ್ತಿದ್ದ ಸ್ವಿಂಗ್ ಆಕ್ಸಲ್ ಅನ್ನು ತೆಗೆದು ಗಟ್ಟಿ ಆಕ್ಸಲ್ ಹಾಕಲಾಯಿತು. ಇವೆರಡೂ ನಮ್ಮವರು ನಮ್ಮ ರಸ್ತೆಗಾಗಿ, ನಮ್ಮ ಮನೆಮಂದಿಗಾಗಿ ಮಾಡಿದ ಮಾರ್ಪಾಡುಗಳು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಇನ್ನು ಈ ಕಾರುಗಳ ಪಾಲನೆಯ ವಿಚಾರ. ಹೆರಾಲ್ಡ್‌ಗೂ ಸ್ಪಿಟ್‌ಫೈರ್‌ಗೂ ಮುಂಗಾಲಿಯ ಬುಡದಲ್ಲಿ ಟ್ರನಿಯನ್ ಎಂಬ ಕಂಚಿನ ಭಾಗವಿದೆ. ನೆಟ್ಟಗೆ ನಿಂತ ಉಕ್ಕಿನ ಕಡ್ಡಿಯೊಂದು ಸ್ಕ್ರೂವಿನಂತೆ ಅದರೊಳಗೆ ಕೂರುತ್ತದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಅದು ಅಲ್ಲಿಯೇ ತಿರುಗುತ್ತದೆ. ಎಡಗಡೆಯದಕ್ಕೂ ಬಲಗಡೆಯದಕ್ಕೂ ಸುರುಳಿಯ ದಿಕ್ಕು ಬೇರೆ ಬೇರೆಯಾದುದರಿಂದ ಒಂದನ್ನು ಇನ್ನೊಂದರ ಬದಲಿಗೆ ಹಾಕಲಾಗದು. ಇದಕ್ಕೆ ಗ್ರೀಸ್ ಹಾಕಬಾರದು. ಗೇರ್ ಪೆಟ್ಟಿಗೆಗೆ ಹಾಕುವ 90ನೇ ನಂಬರಿನ ಮಂದ ಎಣ್ಣೆಯನ್ನೇ, ಮೇಲಿನಿಂದ ಉಕ್ಕುವವರೆಗೆ, ಗ್ರೀಸ್ ಗನ್ನಿನಿಂದ ತುಂಬಬೇಕು. ಅಂಬಾಸಿಡರ್ ಮತ್ತು ಫಿಯೆಟ್‌ಗಳ ಮುಂಗಾಲಿಗೆ ಗ್ರೀಸ್ ಹೊಡೆದು ರೂಢಿಯಾದ ಕೈ ಹೆರಾಲ್ಡ್‌ಗೂ ಗ್ರೀಸನ್ನೇ ಹೊಡೆಯುವುದು ಸಹಜ. ಗ್ರೀಸ್ ಕಾಲಕ್ರಮದಲ್ಲಿ ಗಟ್ಟಿಯಾಗಿ ಸುರುಳಿಯ ಸಂದುಗಳಿಗೆ ಇಳಿಯುವುದಿಲ್ಲ, ನೀರು ಇಳಿಯುತ್ತದೆ. ಉಕ್ಕು ಒಳಗೊಳಗೇ ತುಕ್ಕು ಹಿಡಿದು ಒಂದು ದಿನ ತಿರುವಿನಲ್ಲಿ ಮುರಿಯುತ್ತದೆ, ಚಕ್ರ ಮಡಚಿಕೊಳ್ಳುತ್ತದೆ. ಮಳೆಗಾಲದ ಎರೆಮಣ್ಣಿನ ಕೆಸರು, ಬೇಸಿಗೆಯ ಸುಣ್ಣಕಲ್ಲಿನ ಧೂಳು ಇವೆರಡೂ ಇರುವ ನಮ್ಮಂತಹ ಸೀಮೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಅಗತ್ಯ. ಹೆರಾಲ್ಡ್‌ನ ಕಾಲು ಬಲಹೀನ ಎಂಬ ಅಪಖ್ಯಾತಿಗೆ ಅರ್ಧ ಕಾರಣ ಈ ಗ್ರೀಸ್.

ಎರಡನೆಯದು ನಟ್ಟು ಬೋಲ್ಟುಗಳ ಸುರುಳಿ, ಅಂದರೆ ಮಿಸ್ತ್ರಿಗಳು ಚೂಡಿ ಎನ್ನುವುದು. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಇದಕ್ಕೊಂದು ಅಳತೆಯನ್ನು ಗೊತ್ತುಮಾಡಿದ. ಅದರ ಕೋನ 55 ಡಿಗ್ರಿ. 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾಗಳು ಒಪ್ಪಿದ ಹೊಸ ಅಳತೆಯ ಕೋನ 60 ಡಿಗ್ರಿ. ಹೆರಾಲ್ಡ್ ಈ ಹೊಸ ಅಳತೆಯ ಕಾಲದ ಕಾರು. ಎರಡೂ ಬಗೆಯ ಬೋಲ್ಟುಗಳು ಕೆಲವೊಮ್ಮೆ ಒಂದರೊಳಗೊಂದು ಕೂತಂತೆ ಕಂಡರೂ ಬಿಗಿದಾಗ ಚೂಡಿ ಹರಿಯುತ್ತದೆ. ಎಂ.ಜಿ. ಕಂಪನಿಯ ಟಿ.ಸಿ. ಎಂಬ ಸ್ಪೋರ್ಟ್ಸ್ ಕಾರಿನದಂತೂ ಇನ್ನೂ ವಿಚಿತ್ರ. ಅದರ ಇಂಜಿನ್ ತಯಾರಾದ ಕಾರ್ಖಾನೆ ಮೂಲತಃ ಫ್ರಾನ್ಸಿನ ಹಾಚ್‌ಕಿಸ್ ಕಂಪನಿಯದಾದ್ದರಿಂದ ಬೋಲ್ಟಿನ ತಲೆ ಬ್ರಿಟಿಷ್ ಅಳತೆಯದು, ಚೂಡಿ ಫ್ರೆಂಚ್ ಅಳತೆಯದು! ಇಂದಿನ ಗ್ಯಾರೇಜುಗಳಲ್ಲಿರುವುದು ಮಿಲಿಮೀಟರ್ ಪಾನಾಗಳು. ಅರ್ಧ ಅಂಗುಲದ ಬೋಲ್ಟಿನ ತಲೆ 12.7 ಮಿ.ಮೀ.; ಅದಕ್ಕೆ 13ರ ಪಾನಾ ಹಾಕಿದರೆ ಹಿಡಿದಂತೆ ಕಂಡು ಮೂಲೆಗಳನ್ನು ಸವೆಸಿಬಿಡುತ್ತದೆ. ಬಿಡಿಭಾಗ ದೊರೆತರೂ ಸರಿಯಾದ ಪಾನಾ ಮತ್ತು ಸರಿಯಾದ ತಿಳಿವಳಿಕೆ ಇಲ್ಲದಿದ್ದರೆ ಅದು ವ್ಯರ್ಥವೆಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಬಿಡಿಭಾಗ ದೊರೆಯುತ್ತಿದ್ದುದೆಲ್ಲಿ? ನಮ್ಮ ಕಡೆಯವರಿಗೆ ಸಿಕಂದರಾಬಾದಿನ ರಾಣಿಗಂಜ್ ಹತ್ತಿರ. ದಕ್ಷಿಣದವರಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಮದರಾಸಿನ ಪುದುಪೇಟೆ. ಹೊಸದು ಸಿಗದಿದ್ದರೆ ಭಂಗಾರದ ಅಂಗಡಿಯಲ್ಲಿ ಒಡೆದ ಕಾರಿನದು. ಅದೂ ಇಲ್ಲವಾದರೆ ಸವೆದ ಭಾಗವನ್ನೇ ಮಾದರಿಯಾಗಿಟ್ಟುಕೊಂಡು ಲೇತ್ ಯಂತ್ರದ ಮೇಲೆ ಗನ್‌ಮೆಟಲ್ಲಿನಲ್ಲಿ ಹೊಸದನ್ನು ಕಡೆಯುವುದು. ಆಮದಿಗೆ ಪರವಾನಗಿ ಇಲ್ಲದ ಆ ದಿನಗಳಲ್ಲಿ ದೇಶದ ಹಳೆಯ ಬ್ರಿಟಿಷ್ ಕಾರುಗಳು ಓಡಿದ್ದು ಇಂತಹ ಅನಾಮಧೇಯರ ಕೈಚಳಕದಿಂದ ಎಂದರೆ ಅತಿಶಯೋಕ್ತಿಯಾಗದು.

ಇಂಗ್ಲೆಂಡಿನಲ್ಲಿ ಆದದ್ದೇ ಬೇರೆ. ಅಲ್ಲಿ ಕಂಪನಿ ಮುಳುಗಿದರೂ ಕಾರನ್ನು ಪ್ರೀತಿಸುವವರು ಸಂಘಟಿತರಾದರು. ಹೆರಾಲ್ಡ್ ಚಾಸಿಯ ಕಾರುಗಳಿಗಾಗಿ 1977ರಲ್ಲಿ ಟ್ರಯಂಫ್ ಸ್ಪೋರ್ಟ್ಸ್ ಸಿಕ್ಸ್ ಕ್ಲಬ್ ಹುಟ್ಟಿತು. ಸ್ಪಿಟ್‌ಫೈರ್‌ಗಳು 3 ಲಕ್ಷಕ್ಕೂ ಹೆಚ್ಚು ತಯಾರಾಗಿ ಅವುಗಳಲ್ಲಿ ಬಹಳಷ್ಟು ಅಮೆರಿಕಕ್ಕೆ ಹೋಗಿದ್ದುದರಿಂದ ಬಿಡಿಭಾಗಗಳಿಗೆ ದೊಡ್ಡ ಮಾರುಕಟ್ಟೆಯೇ ಇತ್ತು. ಸಣ್ಣ ಸಣ್ಣ ವ್ಯಾಪಾರಿಗಳು ಹಳೆಯ ದಾಸ್ತಾನನ್ನು ಕೊಂಡರು. ಅದು ಮುಗಿದಾಗ ಹೊಸದಾಗಿ ಮಾಡಿಸಿದರು. ಎಂ.ಜಿ.ಬಿ. ಎಂಬ ಇನ್ನೊಂದು ಸ್ಪೋರ್ಟ್ಸ್ ಕಾರಿಗೆ 1988ರಲ್ಲಿ ಮೂಲ ಅಚ್ಚುಗಳನ್ನೇ ಬಳಸಿ ಇಡೀ ಮೈಯನ್ನು ಮತ್ತೆ ತಯಾರಿಸಲಾಯಿತು. ಹೀಗಾಗಿ ಭಾರತದಲ್ಲಿ ಹೆರಾಲ್ಡ್ ಇಟ್ಟುಕೊಂಡವರು ಇಂದು ಟ್ರನಿಯನ್ನಿಗಾಗಿ ಇಂಗ್ಲೆಂಡಿನ ಸ್ಪಿಟ್‌ಫೈರ್ ವ್ಯಾಪಾರಿಗಳಿಗೆ ಬರೆದು, ಸುಂಕ ತೆತ್ತು ತರಿಸಿಕೊಳ್ಳಬಹುದು. ನಮ್ಮ ಕುಟುಂಬದ ಕಾರು ಅಲ್ಲಿನ ಸ್ಪೋರ್ಟ್ಸ್ ಕಾರಿನ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದೆ!

ಆದರೆ ಆ ಪಂಕ್ತಿಯಲ್ಲಿ ಬಡಿಸುವುದು ಅವರಲ್ಲಿಯೂ ಇರುವ ಭಾಗಗಳನ್ನು ಮಾತ್ರ. ನಾಲ್ಕು ಬಾಗಿಲಿನ ಹೆರಾಲ್ಡ್‌ನ ಹಿಂಬಾಗಿಲು, ಅದರ ಗಾಜು, ಗಜೆಲ್‌ನ ಮೈಯ ತಗಡು ಇವು ಇಂಗ್ಲೆಂಡಿನಲ್ಲಿ ಹುಟ್ಟಿದವಲ್ಲ. ಅಲ್ಲಿ ಅವನ್ನು ಕೇಳುವವರಿಲ್ಲ. ಯಾವುದು ನಮ್ಮ ಸ್ವಂತದ್ದೋ ಅದೇ ಇಂದು ಸಿಗದು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ಗಜೆಲ್ 1970ರ ದಶಕದ ಕೊನೆಗೆ ನಿಂತಿತು. ರೋವರ್ ಕಾರಿನ ರೂಪದಲ್ಲಿ 1985ರಲ್ಲಿ ಬಂದ ಸ್ಟ್ಯಾಂಡರ್ಡ್ 2000 ಸೋತು, 1988ರಲ್ಲಿ ತಯಾರಿಕೆ ನಿಂತುಹೋಯಿತು. ಕಾರ್ಖಾನೆಯಲ್ಲಿ ಉಳಿದಿದ್ದ ಬಿಡಿಭಾಗಗಳ ದಾಸ್ತಾನನ್ನು ಮುಂದೆ ಕೊಂಡವರು ಇಂಗ್ಲೆಂಡಿನ ರಿಮ್ಮರ್ ಬ್ರದರ್ಸ್ ಎಂಬ ವ್ಯಾಪಾರಿಗಳು. ನಾವು ಭಂಗಾರವೆಂದು ಬಗೆದದ್ದು ಅವರಿಗೆ ಭಂಡಾರವಾಗಿ ಕಂಡಿತು.

ನಮ್ಮಲ್ಲಿಯೂ ಈಗ ಅರಿವು ಮೂಡುತ್ತಿದೆ ಎಂಬುದು ಸಮಾಧಾನದ ಸಂಗತಿ. ಧರ್ಮಸ್ಥಳದವರು ಶ್ರೀರಂಗಪಟ್ಟಣದ ಬಳಿ 2023ರಲ್ಲಿ ‘ಪಯಣ’ ಎಂಬ ಹಳೆಯ ಕಾರುಗಳ ಸಂಗ್ರಹಾಲಯವನ್ನು ತೆರೆದರು. ಕೇಂದ್ರ ಸರ್ಕಾರವು 2021ರಲ್ಲಿ ನಿಯಮ ಮಾಡಿ, 50 ವರ್ಷ ದಾಟಿದ ಗಾಡಿಗಳಿಗೆ ‘ವಿ.ಎ.’ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿತು. ಮೊದಲ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಚಾಸಿ, ಮೈ, ಇಂಜಿನ್‌ಗಳು ಮೂಲರೂಪದಲ್ಲಿಯೇ ಇರಬೇಕೆಂಬುದು ಅದರ ಷರತ್ತು. ಬಿಡಿಭಾಗ ಸಿಗದೆ ಬೇರೆ ಇಂಜಿನ್ ಕೂಡಿಸಿಕೊಂಡು ಬದುಕಿದ ಸಾಮಾನ್ಯನ ಗಾಡಿ ಈ ಗೌರವಕ್ಕೆ ಪಾತ್ರವಾಗದು. ಅರಮನೆಯ ಷೆಡ್ಡಿನಲ್ಲಿ ನಿಂತಿದ್ದ ಕಾರು ಮೂಲರೂಪವನ್ನು ಉಳಿಸಿಕೊಳ್ಳುವುದು ಸುಲಭ. ದಿನವೂ ದುಡಿದದ್ದಕ್ಕೆ ಆ ಭಾಗ್ಯವೆಲ್ಲಿ?

ಆದುದರಿಂದ ಇಲ್ಲಿ ಉಳಿಸಬೇಕಾದದ್ದು ಕಾರುಗಳೊಂದಿಗೆ ಅವನ್ನು ಓಡಿಸಿಟ್ಟ ಜ್ಞಾನವನ್ನು ಕೂಡ. ಟ್ರನಿಯನ್ನಿಗೆ ಎಣ್ಣೆಯೇ ಬೇಕೆಂದು ಬಲ್ಲ, ಯಾವ ಬೋಲ್ಟಿಗೆ ಯಾವ ಚೂಡಿ ಎಂದು ಬೆರಳಿನಿಂದಲೇ ಹೇಳಬಲ್ಲ ಮಿಸ್ತ್ರಿಗಳಿಗೆ ಈಗ ವಯಸ್ಸಾಗಿದೆ. ಅವರು ಏನನ್ನೂ ಬರೆದಿಟ್ಟವರಲ್ಲ. ನಮ್ಮ ಐ.ಟಿ.ಐ.ಗಳ ವಿದ್ಯಾರ್ಥಿಗಳು ಅವರ ಬಳಿ ಕುಳಿತು ಕೇಳಿ ಬರೆದುಕೊಂಡರೆ, ಕೈಗೆ ಸಿಕ್ಕ ಒಂದು ಹಿಂಬಾಗಿಲಿನ ಅಳತೆ ತೆಗೆದು ನಕ್ಷೆ ಮಾಡಿಟ್ಟರೆ, ಅದು ಅರಸರ ಶಾಸನವನ್ನು ಓದಿದಷ್ಟೇ ಬೆಲೆಯುಳ್ಳ ಚರಿತ್ರೆಯ ಕೆಲಸವಾದೀತು. ಓದುಗರಲ್ಲಿ ಯಾರ ಮನೆಯಲ್ಲಾದರೂ ಹೆರಾಲ್ಡ್ ಅಥವಾ ಗಜೆಲ್‌ನ ಕೈಪಿಡಿ, ರಸೀದಿ, ಹಳೆಯ ಭಾಗವಿದ್ದರೆ ದಯವಿಟ್ಟು ತೂಕಕ್ಕೆ ಮಾರಬೇಡಿ.